ಸಾಕುನಾಯಿಯ ಕಣ್ಣು ಕುಕ್ಕದಿರಲಿ ಫ್ಲಾಶ್

ಸಂಜೆಯ ಹೊತ್ತು ಮನೆಯೊಳಗೆ ಸಾಕುನಾಯಿಯ ಚಿತ್ರ ತೆಗೆದವರಿಗೆ ಈ ನೋಟ ಹೊಸತಲ್ಲ. ಕಣ್ಣುಗಳ ಜಾಗದಲ್ಲಿ ಎರಡು ಹಸಿರು ದೀಪಗಳು, ಮೂಗಿನ ಮೇಲೊಂದು ಬಿಳಿ ಮಚ್ಚೆ, ಹಿಂದಿನ ಗೋಡೆಯ ಮೇಲೆ ಕತ್ತರಿಸಿ ಅಂಟಿಸಿದಂತಹ ಕಪ್ಪು ನೆರಳು. ದಿನವಿಡೀ ಕಾಲು ಸುತ್ತುವ ಪ್ರಾಣಿ ಚಿತ್ರದಲ್ಲಿ ಮಾತ್ರ ಯಾವುದೋ ಕಾಡುಮೃಗವಾಗಿ ಕಾಣುತ್ತದೆ. ನಾಯಿಯ ಆಯುಷ್ಯ ಸಾಮಾನ್ಯವಾಗಿ 10ರಿಂದ 15 ವರ್ಷ. ಅದು ಅಗಲಿದ ಮೇಲೆ ಮನೆಯವರ ಬಳಿ ಉಳಿಯುವುದು ಈ ಚಿತ್ರಗಳೇ.

ಹಸಿರು ಹೊಳಪಿಗೆ ಕಾರಣ ಕ್ಯಾಮೆರಾದ ದೋಷವಲ್ಲ. ನಾಯಿಯ ಅಕ್ಷಿಪಟದ ಹಿಂದೆ ಟಪೀಟಮ್ ಲೂಸಿಡಮ್ ಎಂಬ ಕನ್ನಡಿಯಂತಹ ಪದರವಿದೆ. ಮಂದ ಬೆಳಕನ್ನು ಮತ್ತೊಮ್ಮೆ ಅಕ್ಷಿಪಟಕ್ಕೆ ಹಾಯಿಸಿ, ಕತ್ತಲಲ್ಲೂ ಕಾಣುವಂತೆ ಮಾಡುವುದು ಅದರ ಕೆಲಸ. ರಾತ್ರಿ ಹೆದ್ದಾರಿಯಲ್ಲಿ ವಾಹನದ ದೀಪಕ್ಕೆ ದನಗಳ ಕಣ್ಣು ಮಿನುಗುವುದೂ ಇದರಿಂದಲೇ. ಮನುಷ್ಯರಿಗೆ ಈ ಪದರವಿಲ್ಲ; ನಮ್ಮ ಕಣ್ಣು ಚಿತ್ರದಲ್ಲಿ ಕೆಂಪಾಗುವುದು ರಕ್ತನಾಳಗಳ ಬಣ್ಣದಿಂದ. ಹಾಗಾಗಿ ಕ್ಯಾಮೆರಾದಲ್ಲಿರುವ ಕೆಂಗಣ್ಣು ನಿವಾರಣೆಯ ಸೌಲಭ್ಯ ನಾಯಿಯ ಮಟ್ಟಿಗೆ ಹೆಚ್ಚು ಫಲ ಕೊಡದು. ಮೊದಲು ಮಿನುಗುವ ಮುನ್ನೆಳಕಿಗೇ ಅದು ಬೆಚ್ಚಿ ಮುಖ ತಿರುಗಿಸಿರುತ್ತದೆ!

ಕಣ್ಣಿನಿಂದ ಮರಳುವ ಬೆಳಕು ಬಂದ ದಾರಿಯಲ್ಲೇ ಹಿಂದಿರುಗುತ್ತದೆ. ಚಿಕ್ಕ ಕ್ಯಾಮೆರಾ ಹಾಗೂ ಮೊಬೈಲ್‌ಗಳಲ್ಲಿ ಫ್ಲಾಶ್ ಲೆನ್ಸಿನ ಪಕ್ಕದಲ್ಲೇ ಇರುವುದರಿಂದ ಆ ಹೊಳಪು ನೇರವಾಗಿ ಲೆನ್ಸಿಗೆ ಬೀಳುತ್ತದೆ. ನಾಯಿಯ ದೃಷ್ಟಿಯನ್ನು ತುಸು ಪಕ್ಕಕ್ಕೆ ಸೆಳೆದರೆ, ಇಲ್ಲವೇ ಬೆಳಕನ್ನು ಲೆನ್ಸಿನಿಂದ ದೂರ ಸರಿಸಿದರೆ ತೊಂದರೆ ಬಹುಪಾಲು ತಪ್ಪುತ್ತದೆ. ಕೋಣೆಯ ದೀಪಗಳನ್ನೆಲ್ಲ ಮೊದಲೇ ಹಾಕಿಡುವುದೂ ಒಳ್ಳೆಯದು. ಆಗ ಕಣ್ಣಿನ ಪಾಪೆ ಕಿರಿದಾಗಿ ಹೊಳಪು ತಗ್ಗುತ್ತದೆ.

ಇನ್ನು ನೆರಳಿನ ಪ್ರಶ್ನೆ. ಬೆಳಕಿನ ಮೂಲ ಚಿಕ್ಕದಾದಷ್ಟೂ ನೆರಳು ಗಡುಸು, ದೊಡ್ಡದಾದಷ್ಟೂ ಮೃದು. ನಡುಹಗಲ ಬಿಸಿಲಿನ ನೆರಳಿಗೂ ಮೋಡ ಕವಿದ ಶ್ರಾವಣದ ನೆರಳಿಗೂ ಇರುವ ವ್ಯತ್ಯಾಸವೇ ಇದು. ಮೋಡವಿದ್ದಾಗ ಇಡೀ ಆಕಾಶವೇ ದೀಪ. ಫ್ಲಾಶ್‌ಗೆ ಟಿಶ್ಯೂ ಕಾಗದ ಕಟ್ಟುವ ಉಪಾಯ ಬಹಳ ಜನಪ್ರಿಯವಾದರೂ ಅದರ ಲಾಭ ಅಲ್ಪ. ಬೆಳಕು ತಗ್ಗುತ್ತದೆಯೇ ಹೊರತು ಮೂಲದ ಗಾತ್ರ ಹೆಚ್ಚು ಹಿಗ್ಗುವುದಿಲ್ಲ.

ಪ್ರಯೋಜನಕ್ಕೆ ಬರುವುದು ಬೆಳಕನ್ನು ಪುಟಿಸುವ ವಿಧಾನ. ಕ್ಯಾಮೆರಾದ ಮೇಲೆ ಕೂರಿಸುವ, ತಲೆ ತಿರುಗಿಸಬಲ್ಲ ಪ್ರತ್ಯೇಕ ಫ್ಲಾಶ್ ಇದ್ದರೆ ಅದನ್ನು ನಾಯಿಯತ್ತ ಹಿಡಿಯದೆ ಬಿಳಿ ಛಾವಣಿಗೋ ಪಕ್ಕದ ಗೋಡೆಗೋ ಗುರಿಯಿಡಬೇಕು. ಆಗ ಛಾವಣಿಯೇ ದೊಡ್ಡ ದೀಪವಾಗುತ್ತದೆ. ತಲೆಯ ಮೇಲಿನಿಂದಷ್ಟೇ ಬಂದ ಬೆಳಕು ಹುಬ್ಬಿನ ಕೆಳಗೆ ಕತ್ತಲು ಉಳಿಸುವುದರಿಂದ ಗೋಡೆಯ ಬೆಳಕೇ ಮೇಲು. ಗೋಡೆಗೆ ಹಸಿರು ಅಥವಾ ನೀಲಿ ಬಣ್ಣವಿದ್ದರೆ ನಾಯಿಯ ರೋಮಕ್ಕೂ ಅದೇ ಛಾಯೆ ಹತ್ತುತ್ತದೆ. ಹೆಂಚಿನ ಮನೆಯಲ್ಲಿ ಬೆಳಕು ಮಾಡಿನಲ್ಲೇ ಕಳೆದುಹೋಗುತ್ತದೆ. ಅಂಥಲ್ಲಿ ಹಗ್ಗಕ್ಕೆ ಹರವಿದ ಒಂದು ಬಿಳಿ ಪಂಚೆ ಸಾಕು. ಪುಟಿದ ಬೆಳಕು ದೂರ ಕ್ರಮಿಸಬೇಕು. ದೂರ ಇಮ್ಮಡಿಯಾದರೆ ಬೆಳಕು ನಾಲ್ಕನೇ ಒಂದು ಭಾಗಕ್ಕೆ ಇಳಿಯುತ್ತದೆ. ಆದ್ದರಿಂದ ಐಎಸ್‌ಒ ಅನ್ನು 400 ಅಥವಾ 800ಕ್ಕೆ ಏರಿಸಿಕೊಳ್ಳಬೇಕಾಗುತ್ತದೆ.

ಮೊಬೈಲ್‌ನ ಫ್ಲಾಶನ್ನು ತಿರುಗಿಸಲಾಗದು. ಅದನ್ನು ಆರಿಸಿ, ಮನೆಯ ಇನ್ನೊಬ್ಬರ ಮೊಬೈಲ್ ಟಾರ್ಚನ್ನು ಗೋಡೆಗೆ ಹಿಡಿಸುವುದು ಸುಲಭದ ದಾರಿ. ಈಚಿನ ಮೊಬೈಲ್‌ಗಳ ನೈಟ್ ಮೋಡ್ ಬಾಲ ಅಲ್ಲಾಡಿಸದ ನಾಯಿಗೆ, ಅಂದರೆ ಮಲಗಿರುವ ನಾಯಿಗೆ ಮಾತ್ರ ಹೊಂದುತ್ತದೆ.

ಕಪ್ಪು ಲ್ಯಾಬ್ರಡಾರ್ ಚೌಕಟ್ಟು ತುಂಬಿದ್ದರೆ ಕ್ಯಾಮೆರಾ ಮೋಸಹೋಗಿ ಬೆಳಕನ್ನು ಹೆಚ್ಚು ಸುರಿಯುತ್ತದೆ, ರೋಮ ಬೂದಿಬಣ್ಣಕ್ಕೆ ತಿರುಗುತ್ತದೆ. ಫ್ಲಾಶನ್ನು ಒಂದು ಸ್ಟಾಪ್‌ನಷ್ಟು ತಗ್ಗಿಸಿದರೆ ಸರಿ. 2005ರಲ್ಲಿ ಅಂಚೆಚೀಟಿಯ ಗೌರವ ಪಡೆದ ನಮ್ಮ ಮುಧೋಳ ನಾಯಿಯದು ಗಿಡ್ಡ, ಹೊಳೆಯುವ ರೋಮ. ನೇರ ಫ್ಲಾಶ್‌ಗೆ ಅದರ ಮೈ ಚಪ್ಪಟೆಯಾಗಿ ಕಾಣುತ್ತದೆ. ಪಕ್ಕದ ಬೆಳಕಿಗೆ ಆ ತೆಳ್ಳನೆಯ ದೇಹದ ಅಂದ ಎದ್ದು ನಿಲ್ಲುತ್ತದೆ.

ಸಾಮಾನ್ಯ ಅಂತರದಿಂದ ಬಿದ್ದ ಫ್ಲಾಶ್‌ನಿಂದ ಕಣ್ಣಿಗೆ ಶಾಶ್ವತ ಹಾನಿಯಿಲ್ಲ ಎಂಬುದು ಸಾಮಾನ್ಯ ಅಭಿಪ್ರಾಯ. ಭಯದ ಮಾತು ಬೇರೆ. ಮುಖದೆದುರು ನಾಲ್ಕಾರು ಬಾರಿ ಬೆಳಕು ಸಿಡಿದರೆ, ಕ್ಯಾಮೆರಾ ಎತ್ತುತ್ತಲೇ ಓಡಿಹೋಗುವುದನ್ನು ನಾಯಿ ಕಲಿತುಬಿಡುತ್ತದೆ. ಗೋಡೆಗೆ ಫ್ಲಾಶ್ ಸಿಡಿಸಿ ಪ್ರತಿಬಾರಿಯೂ ಒಂದು ಬಿಸ್ಕತ್ತು ಕೊಟ್ಟು ಮೊದಲು ರೂಢಿ ಮಾಡಿಸಬಹುದು. ದೀಪಾವಳಿಯ ರಾತ್ರಿ, ಪಟಾಕಿಗೆ ಹೆದರಿ ಮಂಚದಡಿ ಸೇರಿದ ನಾಯಿಗೆ ಮಾತ್ರ ಫ್ಲಾಶ್ ಬೇಡವೇ ಬೇಡ. ಮರುದಿನ ಬೆಳಿಗ್ಗೆ ತೆಳು ಬಿಳಿ ಪರದೆಯ ಕಿಟಕಿಯ ಪಕ್ಕ ಅದನ್ನು ಕೂರಿಸಿದರೆ ಯಾವ ಫ್ಲಾಶೂ ಕೊಡದ ಬೆಳಕು ಉಚಿತವಾಗಿ ಸಿಗುತ್ತದೆ.

ಇಷ್ಟಾಗಿಯೂ ಉಳಿದ ಹಸಿರನ್ನು ಕಂಪ್ಯೂಟರ್‌ನಲ್ಲಿ ತಿದ್ದಬಹುದು. ಆದರೆ ವಯಸ್ಸಾದ ನಾಯಿಯ ಪಾಪೆ ಹಗಲಿನ ಚಿತ್ರಗಳಲ್ಲೂ ಮಸುಕಾಗಿ, ಬೆಳ್ಳಗೆ ಕಂಡರೆ ಅದು ಫ್ಲಾಶ್‌ನ ಆಟವಲ್ಲ. ವಯಸ್ಸಿನ ಮಬ್ಬೋ ಕಣ್ಣಿನ ಪೊರೆಯೋ ಇರಬಹುದು. ಅಂಥ ಚಿತ್ರವನ್ನು ತಿದ್ದದೆ ಹಾಗೆಯೇ ಪಶುವೈದ್ಯರಿಗೆ ತೋರಿಸುವುದು ಲೇಸು.