ಬಂದೂಕು ಕಳಚಿದಾಗ ಸಿಕ್ಕ ವೇಗ

1938ರ ಹೊತ್ತಿಗೆ ಬಾಂಬರ್ ಹೇಗಿರಬೇಕು ಎಂಬ ಬಗ್ಗೆ ಬ್ರಿಟನ್ನಿನ ವಾಯುಖಾತೆಗೆ ಅನುಮಾನವಿರಲಿಲ್ಲ. ಲೋಹದ ಮೈ, ಸುತ್ತ ತಿರುಗುವ ಬಂದೂಕುಗಳು, ಅವನ್ನು ಹಿಡಿಯಲು ಆಳುಗಳು. ವಿಮಾನ ತಯಾರಕ ಜೆಫ್ರಿ ಡಿ ಹ್ಯಾವಿಲೆಂಡ್ ಮತ್ತು ಅವರ ಮುಖ್ಯ ವಿನ್ಯಾಸಕಾರ ಆರ್. ಇ. ಬಿಷಪ್ ತಮ್ಮ ನಕ್ಷೆಯಿಂದ ಇವನ್ನೆಲ್ಲ ಕಳೆಯುತ್ತ ಹೋದರು. ಬಂದೂಕು ಹೋದರೆ ಭಾರ ಇಳಿಯುತ್ತದೆ, ಗಾಳಿಯ ತಡೆ ತಗ್ಗುತ್ತದೆ, ಇಬ್ಬರೇ ಸಾಕಾಗುತ್ತಾರೆ. ಕೊನೆಗೆ ಉಳಿಯುವ ವಿಮಾನವನ್ನು ಶತ್ರುವಿನ ಫೈಟರ್ ಬೆನ್ನಟ್ಟಿ ಹಿಡಿಯುವುದೇ ಕಷ್ಟ.

ಸಾಲದ್ದಕ್ಕೆ ಅದನ್ನು ಮರದಲ್ಲಿ ಕಟ್ಟುತ್ತೇವೆ ಎಂದರು. ವಾಯುಖಾತೆ ಒಪ್ಪಲಿಲ್ಲ. ಯುದ್ಧ ಶುರುವಾದ ಮೇಲೆ ಸರ್ ವಿಲ್ಫ್ರಿಡ್ ಫ್ರೀಮನ್ ಎಂಬ ಹಿರಿಯ ಅಧಿಕಾರಿ ಬೆನ್ನಿಗೆ ನಿಂತರು. 1940ರ ಮಾರ್ಚ್‌ನಲ್ಲಿ 50 ವಿಮಾನಗಳಿಗೆ ಆದೇಶ ಬಂತು. ಆಗ ಕೆಲವರು ಅದನ್ನು 'ಫ್ರೀಮನ್ನರ ಹುಚ್ಚಾಟ' ಎಂದು ಕರೆದರು. ಆ ಮನುಷ್ಯ ಜಗ್ಗದೆ ಇದ್ದದ್ದು ದೊಡ್ಡ ಉಪಕಾರ.

ಮರದ ಆಯ್ಕೆ ಬಡತನದ ಉಪಾಯವಾಗಿರಲಿಲ್ಲ. ಡಿ ಹ್ಯಾವಿಲೆಂಡ್ ಕಂಪನಿಗೆ ಆಲ್ಬಟ್ರಾಸ್ ಎಂಬ ಪ್ರಯಾಣಿಕ ವಿಮಾನದಲ್ಲಿ ಅದರ ಅನುಭವವಿತ್ತು. ಹಗುರವಾದ ಬಾಲ್ಸಾ ಮರದ ತಿರುಳನ್ನು ಎರಡು ಬರ್ಚ್ ಪ್ಲೈವುಡ್ ಪದರಗಳ ನಡುವೆ ಅಂಟಿಸಿ, ಅಚ್ಚಿನ ಮೇಲೆ ಬಾಗಿಸುತ್ತಿದ್ದರು. ವಿಮಾನದ ಒಡಲು ಕಡಲೆಕಾಯಿ ಸಿಪ್ಪೆಯ ಹಾಗೆ ಎರಡು ಹೋಳಾಗಿ ಸಿದ್ಧವಾಗುತ್ತಿತ್ತು. ಹೋಳುಗಳು ತೆರೆದಿರುವಾಗಲೇ ಒಳಗಿನ ತಂತಿ, ಕೊಳವೆಗಳಲ್ಲಿ ಬಹುಪಾಲನ್ನು ಕೂರಿಸಿ, ಆಮೇಲೆ ಎರಡನ್ನೂ ಬೆಸೆಯುತ್ತಿದ್ದರು. ಮೈಯಲ್ಲಿ ರಿವೆಟ್ಟುಗಳ ಸಾಲಿಲ್ಲ. ಗಾಳಿ ನುಣ್ಣಗೆ ಜಾರುತ್ತಿತ್ತು. ಅಲ್ಯೂಮಿನಿಯಂಗೆ ಬರ ಬಂದಿದ್ದ ಕಾಲದಲ್ಲಿ ಪೀಠೋಪಕರಣ, ಪಿಯಾನೊ ಮಾಡುವ ಬಡಗಿಗಳ ಕೈಗೂ ಕೆಲಸ ಸಿಕ್ಕಿತು.

ಹರ್ಟ್‌ಫರ್ಡ್‌ಶೈರ್‌ನ ಸಾಲ್ಸ್‌ಬರಿ ಹಾಲ್ ಎಂಬ ಹಳೆಯ ಬಂಗಲೆಯಲ್ಲಿ ಗುಟ್ಟಾಗಿ ಬೆಳೆದ, 'ಮಸ್ಕಿಟೊ' ಎಂಬ ಹೆಸರಿನ ಈ ವಿಮಾನದ ಮೊದಲ ಮಾದರಿ 1940ರ ನವೆಂಬರ್ 25ರಂದು ಹ್ಯಾಟ್‌ಫೀಲ್ಡ್‌ನಲ್ಲಿ ಹಾರಿತು. ನಡೆಸಿದವರು ಜೆಫ್ರಿಯವರ ಮಗ, ಅದೇ ಹೆಸರಿನ ಜೆಫ್ರಿ. ಮುಂದಿನ ವರ್ಷದ ಪರೀಕ್ಷೆಯಲ್ಲಿ ಎರಡು ಮರ್ಲಿನ್ ಎಂಜಿನ್ನುಗಳ ಬಲದಿಂದ ಅದು ಗಂಟೆಗೆ ಸುಮಾರು 630 ಕಿ.ಮೀ. ಮುಟ್ಟಿ, ಅಂದಿನ ಸ್ಪಿಟ್‌ಫೈರ್ ಫೈಟರನ್ನೇ ಮೀರಿಸಿತು.

ಅಲ್ಲಿಂದ ಅದಕ್ಕೆ ಒಪ್ಪದ ಕೆಲಸವೇ ವಿರಳ. ಕ್ಯಾಮೆರಾ ಇಟ್ಟರೆ ಗೂಢಚರ, ಮೂತಿಗೆ ರೇಡಾರ್ ಕೂರಿಸಿದರೆ ಇರುಳಿನ ಬೇಟೆಗಾರ. ಬಾಂಬಿನ ಗೂಡನ್ನು ಉಬ್ಬಿಸಿದಾಗ 1,800 ಕಿಲೋದ ಬಾಂಬನ್ನೂ ಬರ್ಲಿನ್‌ಗೆ ಹೊತ್ತಿತು. 1943ರಲ್ಲಿ ವಿಜ್ಞಾನಿ ನೀಲ್ಸ್ ಬೋರ್ ಸ್ವೀಡನ್ನಿನಿಂದ ಪಾರಾದದ್ದು ಮಸ್ಕಿಟೊದ ಬಾಂಬಿನ ಗೂಡಿನಲ್ಲೇ.

ನಮ್ಮ ಯಲಹಂಕಕ್ಕೂ ಅದು ಬಂದಿತ್ತು. ಬರ್ಮಾದ ಯುದ್ಧಕ್ಕೆ ಹೊರಟ ಬ್ರಿಟಿಷ್ ವಾಯುಪಡೆಯ ತುಕಡಿಗಳು 1944ರಲ್ಲಿ ಅಲ್ಲಿ ಇದನ್ನು ನಡೆಸಲು ಕಲಿತವು. ಅದೇ ವರ್ಷ ಭಾರತದಲ್ಲಿ ರೆಕ್ಕೆಯ ಬೆಸುಗೆ ಬಿಟ್ಟು ಅಪಘಾತಗಳಾದವು. ಸೆಕೆ, ತೇವ ಕಾರಣವೆಂಬ ಮಾತೆದ್ದಿತು. ತನಿಖೆಯಲ್ಲಿ ಮಾತ್ರ ಕಾರ್ಖಾನೆಯಲ್ಲಿ ಸರಿಯಾಗಿ ಅಂಟಿಸದೆ ಬಿಟ್ಟ ಜೋಡಣೆಗಳೇ ಎದ್ದು ಕಂಡವು. ವಿನ್ಯಾಸದ ಮೇಲೆ ಹೊರಿಸುವ ತಪ್ಪು ಅದಲ್ಲ.

ಒಟ್ಟು 7,781 ಮಸ್ಕಿಟೊಗಳು ತಯಾರಾದವು. ಆ ಮೊದಲ ವಿಮಾನ ಇಂದಿಗೂ ಸಾಲ್ಸ್‌ಬರಿ ಹಾಲ್‌ನ ವಸ್ತುಸಂಗ್ರಹಾಲಯದಲ್ಲಿದೆ. ಲಂಡನ್ನಿಗೆ ಹೋಗುವವರು ಅರ್ಧ ದಿನ ಬಿಡುವು ಮಾಡಿಕೊಂಡು ನೋಡಿ ಬನ್ನಿ.