ಮಧುಗಿರಿಗೆ ಎಷ್ಟನೇ ಸ್ಥಾನ?

ಎಸ್ಸೆಸ್ಸೆಲ್ಸಿ ಫಲಿತಾಂಶ ಬಂದ ಮರುದಿನ ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡದ ಜನ ಪತ್ರಿಕೆಯಲ್ಲಿ ಜಿಲ್ಲಾವಾರು ಪಟ್ಟಿ ಹುಡುಕುತ್ತಾರೆ. ಕಂದಾಯ ಇಲಾಖೆಗೆ ಈ ನಾಲ್ಕೂ ತುಮಕೂರು ಜಿಲ್ಲೆಯ ತಾಲ್ಲೂಕುಗಳು. ಶಿಕ್ಷಣ ಇಲಾಖೆಗೆ ಮಾತ್ರ ಇವೆಲ್ಲ ಸೇರಿ ಮಧುಗಿರಿ ಎಂಬ ಪ್ರತ್ಯೇಕ ಶೈಕ್ಷಣಿಕ ಜಿಲ್ಲೆ. ಹಾಗಾಗಿ ಪಟ್ಟಿಯಲ್ಲಿ ತುಮಕೂರಿನದೇ ಒಂದು ಸ್ಥಾನ, ಮಧುಗಿರಿಯದೇ ಒಂದು ಸ್ಥಾನ. ಸ್ಥಾನ ಇಳಿಯಿತೆಂದರೆ ಸಭೆ, ತರಾಟೆ, ಮುಖ್ಯಶಿಕ್ಷಕರಿಗೆ ನೋಟಿಸ್. ಅಲ್ಲಿ ಪಾಠ ಹೇಗೆ ನಡೆಯುತ್ತಿದೆ ಎಂಬುದನ್ನು ಈ ಸ್ಥಾನ ನಿಜಕ್ಕೂ ಹೇಳುತ್ತದೆಯೇ? ಇಂಥ ಪ್ರಶ್ನೆಗೆ ವೃತ್ತಿಜೀವನದ ಬಹುಭಾಗವನ್ನೇ ಮೀಸಲಿಟ್ಟ ಸಂಖ್ಯಾಶಾಸ್ತ್ರಜ್ಞರು ಹಾರ್ವೆ ಗೋಲ್ಡ್‌ಸ್ಟೀನ್.

ಲಂಡನ್ನಿನಲ್ಲಿ 1939ರಲ್ಲಿ ಹುಟ್ಟಿದ ಗೋಲ್ಡ್‌ಸ್ಟೀನ್ ಕೆಲಸ ಆರಂಭಿಸಿದ್ದು ಮಕ್ಕಳ ಆರೋಗ್ಯ ಸಂಸ್ಥೆಯಲ್ಲಿ, ಮಕ್ಕಳ ಬೆಳವಣಿಗೆಯ ಅಂಕಿಅಂಶಗಳ ಜೊತೆ. ಒಂದು ದಿನದ ಎತ್ತರ ನೋಡಿ ಮಗು ಚೆನ್ನಾಗಿ ಬೆಳೆಯುತ್ತಿದೆ ಎನ್ನಲಾಗದು. ಹೋದ ವರ್ಷ ಎಷ್ಟಿತ್ತು ಎಂಬುದೂ ಬೇಕು. 1977ರಲ್ಲಿ ಲಂಡನ್ನಿನ ಶಿಕ್ಷಣ ಸಂಸ್ಥೆಗೆ ಪ್ರಾಧ್ಯಾಪಕರಾಗಿ ಬಂದ ಮೇಲೆ ಇದೇ ವಿಚಾರವನ್ನು ಅವರು ಶಾಲೆಗಳಿಗೂ ಅನ್ವಯಿಸಿದರು.

ಅವರ ವಿಧಾನ ಪಾವಗಡ, ಶಿರಾ ಸೀಮೆಯ ರೈತರಿಗೆ ಬೇಗ ಅರ್ಥವಾಗುತ್ತದೆ. ಒಂದು ಹೊಲದ ಕಡಲೆಕಾಯಿ ಗಿಡಗಳೆಲ್ಲ ಬೇರು ಬಿಟ್ಟಿದ್ದು ಒಂದೇ ಮಣ್ಣಿಗೆ, ನೆನೆದಿದ್ದು ಒಂದೇ ಮಳೆಗೆ. ಅಲ್ಲಿ ನೂರು ಗಿಡ ಕಿತ್ತು ಕಾಯಿ ಎಣಿಸಿದರೆ ನೂರು ಬೇರೆ ಬೇರೆ ಸಾಕ್ಷಿ ಸಿಕ್ಕಂತಾಗಲಿಲ್ಲ. ಒಂದೇ ಹೊಲ ನೂರು ಬಾಯಲ್ಲಿ ಮಾತಾಡಿದಂತಾಯಿತು. ಪಕ್ಕದ ಹೊಲಕ್ಕೆ ಬೋರ್‌ವೆಲ್ ಇದ್ದರೆ ಅಲ್ಲಿನ ಲೆಕ್ಕವೇ ಬೇರೆ. ಗಿಡದಿಂದ ಗಿಡಕ್ಕೆ ಎಷ್ಟು ವ್ಯತ್ಯಾಸ, ಹೊಲದಿಂದ ಹೊಲಕ್ಕೆ ಎಷ್ಟು, ಊರಿಂದ ಊರಿಗೆ ಎಷ್ಟು ಎಂದು ಬಿಡಿಸದೆ ಮೂಟೆ ಎಣಿಸಿ ಯಾರು ಒಳ್ಳೆಯ ಬೇಸಾಯಗಾರ ಎಂದು ತೀರ್ಮಾನಿಸಿದರೆ ಅನ್ಯಾಯವಾಗುತ್ತದೆ. ಗಿಡ ಇದ್ದಲ್ಲಿ ಮಗು, ಹೊಲ ಇದ್ದಲ್ಲಿ ಶಾಲೆ, ಊರು ಇದ್ದಲ್ಲಿ ತಾಲ್ಲೂಕು ಇಟ್ಟರೆ ಅದೇ ಬಹುಸ್ತರ ಮಾದರಿ. ಇಂಥ ಮಾದರಿಗಳನ್ನು ಲೆಕ್ಕಹಾಕುವ ಗಣಿತವನ್ನು ಗೋಲ್ಡ್‌ಸ್ಟೀನ್ 1986ರಲ್ಲಿ ‘ಬಯೋಮೆಟ್ರಿಕಾ’ ಸಂಶೋಧನಾ ಪತ್ರಿಕೆಯಲ್ಲಿ ಪ್ರಕಟಿಸಿದರು. ಆಮೇಲೆ ಅದಕ್ಕೊಂದು ಸಾಫ್ಟ್‌ವೇರನ್ನೂ ಅವರ ತಂಡ ಕಟ್ಟಿತು.

ಸಂಖ್ಯೆ ಚಿಕ್ಕದಾದಾಗ ತೊಂದರೆ ಇನ್ನೂ ಹೆಚ್ಚು. ಹಳ್ಳಿಯ ಪ್ರೌಢಶಾಲೆಯೊಂದರಲ್ಲಿ 20 ಮಕ್ಕಳು ಪರೀಕ್ಷೆ ಬರೆಯುತ್ತಾರೆ ಎಂದುಕೊಳ್ಳಿ. ಒಂದು ಮಗುವಿಗೆ ಜ್ವರ ಬಂದರೆ ಫಲಿತಾಂಶ ಶೇ 5ರಷ್ಟು ಕುಸಿಯುತ್ತದೆ. ಪ್ರತಿ ಮಗುವೂ ಪಾಸಾಗುವ ಸಂಭವ ಶೇ 80 ಎಂದೇ ಹಿಡಿದರೂ, ಪಾಠದಲ್ಲಿ ಏನೇನೂ ಬದಲಾಗದೆ, ಆ ಶಾಲೆಯ ಫಲಿತಾಂಶ ಒಂದು ವರ್ಷ 65, ಇನ್ನೊಂದು ವರ್ಷ 95 ಆಗಬಹುದು. 200 ಮಕ್ಕಳ ಶಾಲೆಯಲ್ಲಿ ಇದೇ ಏರಿಳಿತ ಸುಮಾರು 74ರಿಂದ 86ರೊಳಗೆ ನಿಲ್ಲುತ್ತದೆ. ಪಟ್ಟಿಯ ತುದಿಯಲ್ಲೂ ತಳದಲ್ಲೂ ಚಿಕ್ಕ ಶಾಲೆಗಳೇ ಹೆಚ್ಚಾಗಿ ಕಾಣುವುದಕ್ಕೆ ಇದೇ ಒಂದು ಕಾರಣ. ಬಹುಸ್ತರ ಮಾದರಿ ಚಿಕ್ಕ ಶಾಲೆಯ ಅಂಕಿಯನ್ನು ಪೂರ್ತಿ ನಂಬದೆ ಒಟ್ಟು ಸರಾಸರಿಯ ಕಡೆಗೆ ಎಳೆಯುತ್ತದೆ. ಮಕ್ಕಳು ಕಡಿಮೆಯಾದಷ್ಟೂ ಎಳೆತ ಹೆಚ್ಚು.

1992ರಲ್ಲಿ ಬ್ರಿಟನ್ ಸರ್ಕಾರ ಶಾಲೆಗಳ ಪರೀಕ್ಷಾ ಫಲಿತಾಂಶ ಪ್ರಕಟಿಸತೊಡಗಿದಾಗ ಪತ್ರಿಕೆಗಳು ಅದನ್ನು ರ‍್ಯಾಂಕ್ ಪಟ್ಟಿಯಾಗಿಸಿದವು. 1996ರಲ್ಲಿ ಗೋಲ್ಡ್‌ಸ್ಟೀನ್ ಮತ್ತು ಇನ್ನೊಬ್ಬ ಸಂಖ್ಯಾಶಾಸ್ತ್ರಜ್ಞ ಡೇವಿಡ್ ಸ್ಪೀಗಲ್‌ಹಾಲ್ಟರ್ ಅಂಥ ಪಟ್ಟಿಗಳ ಮಿತಿಯನ್ನು ಬಿಡಿಸಿಟ್ಟರು. ಮಕ್ಕಳು ಶಾಲೆಗೆ ಬರುವಾಗಲೇ ಇದ್ದ ಕಲಿಕೆಯನ್ನು ಗಣನೆಗೆ ತಂದು, ಪ್ರತಿ ಅಂದಾಜಿನ ಜೊತೆ ಅದರ ಅನಿಶ್ಚಿತತೆಯನ್ನೂ ಬರೆದರೆ, ಬಹುಪಾಲು ಶಾಲೆಗಳನ್ನು ಸರಾಸರಿಯಿಂದ ಬೇರೆ ಎಂದು ಹೇಳಲಿಕ್ಕೇ ಆಗದು. ವೇಲ್ಸ್ 2001ರಲ್ಲಿ ಪಟ್ಟಿ ಪ್ರಕಟಿಸುವುದನ್ನು ಕೈಬಿಟ್ಟಿತು. ಗೋಲ್ಡ್‌ಸ್ಟೀನ್ 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ತೀರಿಕೊಂಡರು.

ನಮ್ಮ ಪಟ್ಟಿಯ ಕಡೆಗೆ ಬನ್ನಿ. ಶಿರಾ, ಪಾವಗಡಗಳ ನೆರೆಯ ಚಿತ್ರದುರ್ಗ 2023ರಲ್ಲಿ ರಾಜ್ಯಕ್ಕೇ ಮೊದಲು. 2024ರಲ್ಲಿ ಪರೀಕ್ಷಾ ಕೊಠಡಿಗಳಿಗೆ ವೆಬ್‌ಕಾಸ್ಟಿಂಗ್, ಅಂದರೆ ನಕಲು ತಡೆಯಲು ಕ್ಯಾಮೆರಾದ ನೇರ ನಿಗಾ, ಬಂತು. ಕೃಪಾಂಕ ಹೆಚ್ಚಿಸಿದರೂ ರಾಜ್ಯದ ಫಲಿತಾಂಶ ಶೇ 83.89ರಿಂದ 73.40ಕ್ಕೆ ಇಳಿಯಿತು. ಚಿತ್ರದುರ್ಗ ಇಪ್ಪತ್ತರಾಚೆಗೆ ಜಾರಿತು, ಉಡುಪಿ ಮೊದಲಾಯಿತು. ಒಂದೇ ವರ್ಷದಲ್ಲಿ ಚಿತ್ರದುರ್ಗದ ಮೇಷ್ಟ್ರುಗಳು ಪಾಠ ಮಾಡುವುದನ್ನು ಮರೆತರೇ? ಬದಲಾದದ್ದು ಅಳೆಯುವ ಬಗೆ.

ಪಾವಗಡವನ್ನು ಬಹುತೇಕ ಆಂಧ್ರದ ಗಡಿಯೇ ಸುತ್ತುವರಿದಿದೆ. ಅಲ್ಲಿ ಎಷ್ಟೋ ಮಕ್ಕಳು ಮನೆಯಲ್ಲಿ ತೆಲುಗು ಮಾತಾಡಿ ಶಾಲೆಯಲ್ಲಿ ಕನ್ನಡದಲ್ಲಿ ವಿಜ್ಞಾನ ಓದುತ್ತಾರೆ. ಎಂಟನೇ ತರಗತಿಗೆ ಬರುವಷ್ಟರಲ್ಲಿ ಏಳು ವರ್ಷದ ಕಲಿಕೆ, ಕೊರತೆ ಎರಡೂ ಅವರ ಜೊತೆಗಿರುತ್ತವೆ. ಅವರಿಗೆ ಮೂರು ವರ್ಷ ಕಲಿಸಿದ ಪ್ರೌಢಶಾಲೆ ಎಷ್ಟು ದೂರ ಕರೆದುಕೊಂಡು ಬಂತು ಎಂಬುದು ಪಾಸಾದವರ ಶೇಕಡಾವಾರಿನಲ್ಲಿ ಕಾಣುವುದೇ ಇಲ್ಲ.

ಇದನ್ನು ಕಾಣಿಸಲು ಬೇಕಾದ ಕೊಂಡಿ ನಮ್ಮಲ್ಲಿದೆ. ರಾಜ್ಯದ ಶಾಲಾ ಮಕ್ಕಳಿಗೆ, ತರಗತಿ ಬದಲಾದರೂ ಅವರನ್ನು ಗುರುತಿಸುವ ಸ್ಯಾಟ್ಸ್ ಸಂಖ್ಯೆ ಕೊಡಲಾಗಿದೆ. ಎಂಟನೇ ತರಗತಿಗೆ ಸೇರುವಾಗ ಮಗುವಿಗೆ ಏನು ಬರುತ್ತಿತ್ತು ಎಂದು ದಾಖಲಿಸಿ, ಅದನ್ನು ಹತ್ತನೇ ತರಗತಿಯ ಅಂಕಕ್ಕೆ ಜೋಡಿಸಬಹುದು. ನಾಲ್ಕೂ ತಾಲ್ಲೂಕಿನ ಶಾಲೆಗಳಿಗೆ ಹೀಗೆ ಲೆಕ್ಕ ಹಾಕಿದರೆ, ಗಣಿತಕ್ಕೋ ಇಂಗ್ಲಿಷಿಗೋ ಹೆಚ್ಚುವರಿ ಶಿಕ್ಷಕರು ಮೊದಲು ಎಲ್ಲಿಗೆ ಬೇಕು ಎಂಬುದಕ್ಕೆ ಬಿಇಒ ಕಚೇರಿಗೆ ಒಂದು ಆಧಾರ ಸಿಗುತ್ತದೆ. ಆ ಕೆಲಸ ಆಗುವವರೆಗೆ ಸ್ಥಾನ ನೋಡಿ ನೋಟಿಸ್ ಕೊಡುವುದನ್ನಾದರೂ ನಿಲ್ಲಿಸಬೇಕು.