ಈಟಿವಿ ಕನ್ನಡ ಎಲ್ಲಿ ಹೋಯಿತು?

ಪ್ರಶ್ನೆ: ಹೊಸದುರ್ಗ, ಹೊಳಲ್ಕೆರೆ ಕಡೆ ನಾವೆಲ್ಲ ನೋಡುತ್ತಿದ್ದ ಈಟಿವಿ ಕನ್ನಡ ಮುಚ್ಚಿಹೋಯಿತೇ?
– ಓದುಗರೊಬ್ಬರು, ಹಿರಿಯೂರು

ಉತ್ತರ: ಮುಚ್ಚಿಲ್ಲ, ಅದೇ ಇಂದಿನ ಕಲರ್ಸ್ ಕನ್ನಡ. ಹೈದರಾಬಾದಿನ ರಾಮೋಜಿ ರಾವ್ ಅವರ ಈನಾಡು ಬಳಗ 2000ರ ಡಿಸೆಂಬರ್‌ನಲ್ಲಿ ಇದನ್ನು ಶುರು ಮಾಡಿತು. ಆಗ ಕನ್ನಡದಲ್ಲಿ ಸನ್ ಬಳಗದ ಉದಯ ಟಿವಿಯದೇ ದರ್ಬಾರು. ಎಸ್.ಪಿ. ಬಾಲಸುಬ್ರಹ್ಮಣ್ಯಂ ನಡೆಸಿಕೊಟ್ಟ ‘ಎದೆ ತುಂಬಿ ಹಾಡುವೆನು’, ಟಿ.ಎನ್. ಸೀತಾರಾಂ ಅವರ ಧಾರಾವಾಹಿಗಳು ಈಟಿವಿಯನ್ನು ಮನೆಮಾತಾಗಿಸಿದವು. ಆ ಕಾಲದ ಅಭಿರುಚಿಯ ಋಣ ನಮ್ಮ ಮೇಲೆ ದೊಡ್ಡದಿದೆ ಎಂದೇ ನನ್ನ ನಂಬಿಕೆ.

ತೆಲುಗೇತರ ಈಟಿವಿ ವಾಹಿನಿಗಳನ್ನು ಕೊಳ್ಳುವ ಒಪ್ಪಂದವನ್ನು ನೆಟ್‌ವರ್ಕ್18 ಬಳಗ 2012ರಲ್ಲಿ ಪ್ರಕಟಿಸಿತು. ಖರೀದಿ 2014ರಲ್ಲಿ ಪೂರ್ತಿಯಾಗಿ, ಮನರಂಜನಾ ವಾಹಿನಿಗಳು ವಯಾಕಾಮ್18 ತೆಕ್ಕೆಗೆ ಬಂದವು. 2015ರಲ್ಲಿ ಹೆಸರೂ ಬದಲಾಯಿತು. ಬಿಗ್ ಬಾಸ್ ಓಡಾಟ ನೋಡಿ: ಮೊದಲ ಸೀಸನ್ ಈಟಿವಿಯಲ್ಲಿ, ಎರಡನೆಯದು ಪ್ರತಿಸ್ಪರ್ಧಿ ಸುವರ್ಣದಲ್ಲಿ, ಮೂರನೆಯದು ಮರಳಿ ಹಳೆಯ ಮನೆಗೆ, ಆದರೆ ಕಲರ್ಸ್ ಹೆಸರಲ್ಲಿ. ಎಸ್‌ಪಿಬಿ ತೀರಿಕೊಂಡ ಮರುವರ್ಷ, 2021ರಲ್ಲಿ, ‘ಎದೆ ತುಂಬಿ ಹಾಡುವೆನು’ ಕೂಡ ಇದೇ ವಾಹಿನಿಯಲ್ಲಿ ಮತ್ತೆ ಬಂತು.

2024ರ ನವೆಂಬರ್‌ನಲ್ಲಿ ವಯಾಕಾಮ್18 ಮತ್ತು ಸ್ಟಾರ್ ಇಂಡಿಯಾ ಒಂದಾಗಿ ಜಿಯೋಸ್ಟಾರ್ ಆಯಿತು. ಹಾಗಾಗಿ ವರ್ಷಗಟ್ಟಲೆ ಪೈಪೋಟಿ ನಡೆಸಿದ ಕಲರ್ಸ್ ಕನ್ನಡ, ಸ್ಟಾರ್ ಸುವರ್ಣ ಎರಡಕ್ಕೂ ಈಗ ಒಬ್ಬನೇ ಒಡೆಯ.